ವಿಕಟಕವಿಯ ತವರೂರು

ಅಕ್ಷರಾಭ್ಯಾಸವಾದ ನಮ್ಮ ಮಕ್ಕಳಿಗೆ ಕಥೆಯ ಪುಸ್ತಕಗಳಲ್ಲಿ ಮೊದಲು ದೊರೆಯುವ ಗೆಳೆಯರು ಯಾರೆಂದು ವಿಚಾರಿಸಿ ನೋಡಿದರೆ, ಮಾತಿಗೆ ತಪ್ಪದ ಪುಣ್ಯಕೋಟಿಯೂ, ಸಿಂಹವನ್ನು ಬಾವಿಗೆ ಕೆಡವಿದ ಪಂಚತಂತ್ರದ ಮೊಲವೂ, ಲಂಕೆಯನ್ನು ಸುಟ್ಟ ಹನುಮಂತನೂ ಕಣ್ಣಿಗೆ ಬೀಳುವರು. ಇವರೆಲ್ಲರ ಬೆನ್ನ ಹಿಂದೆಯೇ, ಬೋಳುತಲೆಯ ಮೇಲೆ ಜುಟ್ಟು ಕಟ್ಟಿಕೊಂಡು, ಉತ್ತರೀಯವನ್ನು ಹೆಗಲಿಗೆಸೆದು, ತುಟಿಯ ಕೊನೆಯಲ್ಲಿ ನಗೆಯನ್ನು ಅಡಗಿಸಿಕೊಂಡು ಬರುವವನೊಬ್ಬನಿರುವನು. ಅವನೇ ತೆನಾಲಿ ರಾಮಕೃಷ್ಣ. ದೊರೆಯು ಕೋಪಿಸಿಕೊಂಡರೂ ಅವನಿಗೆ ಭಯವಿಲ್ಲ. ಶಿರಶ್ಛೇದದ ಆಜ್ಞೆಯಾದ ದಿನವೂ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಎಲೆಯ ಮುಂದೆ ಕುಳಿತುಕೊಳ್ಳುವನು. ನಾವು ಅಧ್ಯಾಪಕ ವೃತ್ತಿಯಲ್ಲಿದ್ದ ಕಾಲದಲ್ಲಿ, ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವಾಗ ತೂಕಡಿಸುತ್ತಿದ್ದ ತರಗತಿಯನ್ನು ಎಚ್ಚರಿಸಬೇಕಾದಾಗಲೆಲ್ಲ ಇವನ ಹೆಸರೊಂದನ್ನು ಉಚ್ಚರಿಸಿದರೆ ಸಾಕಾಗಿತ್ತು.

ಇಂತಹ ಪುರುಷನು ಹುಟ್ಟಿದ್ದೆಲ್ಲಿ? "ತೆನಾಲಿಯಲ್ಲಿ; ಹೆಸರೇ ಹೇಳುವುದಲ್ಲ!" ಎಂದು ವಾಚಕರು ಥಟ್ಟನೆ ಉತ್ತರ ಕೊಡಬಹುದು. ಸರಿಯೆ, ಕೃಷ್ಣಾ ನದಿಯ ಕೆಳಬಯಲಿನಲ್ಲಿ, ಗುಂಟೂರು ಜಿಲ್ಲೆಯಲ್ಲಿ ತೆನಾಲಿ ಎಂಬ ಊರು ಇಂದಿಗೂ ಇದೆ. ಆದರೆ ಮನುಷ್ಯನು ಹುಟ್ಟುವುದು ಒಂದು ಬಗೆ. ಕಥೆಯ ನಾಯಕನು ಹುಟ್ಟುವುದು ಇನ್ನೊಂದು ಬಗೆ. ಮನುಷ್ಯನಿಗೆ ಒಂದೇ ತವರು. ಕಥಾನಾಯಕನಿಗೆ ಅವನ ಕಥೆಯನ್ನು ಹೇಳಿದ ಮನೆಗಳೆಲ್ಲವೂ ತವರೇ. ಈ ಎರಡನೆಯ ತವರನ್ನು ಹುಡುಕಬೇಕೆಂಬ ಅಪೇಕ್ಷೆಯಿಂದ ಕಳೆದ ಮಾಘ ಮಾಸದಲ್ಲಿ ನಾವು ಬಳ್ಳಾರಿಯ ಸೀಮೆಗೆ ಪ್ರಯಾಣ ಮಾಡಿದೆವು. ಹಂಪೆಗೇ ಏಕೆ ಹೋಗಲಿಲ್ಲವೆಂದರೆ, ಹಂಪೆಯ ಕಲ್ಲುಗಳು ದೊರೆಯ ಸುದ್ದಿಯನ್ನು ಹೇಳುವುವು. ವಿಕಟಕವಿಯ ಸುದ್ದಿಯನ್ನು ಹೇಳಬೇಕಾದವರು ಆ ರಾಜಧಾನಿಗೆ ಅಕ್ಕಿ, ಹಾಲು, ಹುಲ್ಲು ಹೊತ್ತು ಬದುಕಿದ ಸುತ್ತಣ ಊರಿನವರು. ಆದುದರಿಂದ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂಬ ಮೂರು ಊರುಗಳನ್ನು ಆರಿಸಿಕೊಂಡೆವು.

ಬಳ್ಳಾರಿ

ಬಳ್ಳಾರಿಯನ್ನು ದೂರದಿಂದಲೇ ಗುರುತಿಸುವಂತೆ ಮಾಡುವುದು ಅದರ ಗುಡ್ಡ. ಸುತ್ತಲೂ ಎರೆಯ ಬಯಲು. ನಡುವೆ ಬೆಂದು ನಿಂತಂತಿರುವ ಬಂಡೆಯ ಬೆಟ್ಟ. ಬೆಟ್ಟದ ಮೇಲೆ ಕೋಟೆ. ವಿಜಯನಗರದ ಅರಸರಿಗೆ ಅಧೀನನಾಗಿದ್ದ ಹನುಮಪ್ಪನಾಯಕನೆಂಬ ಪಾಳೆಯಗಾರನು ಮೇಲಣ ಕೋಟೆಯನ್ನು ಕಟ್ಟಿಸಿದನೆಂದು ಹೇಳುವರು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ವಶವಾದ ಮೇಲೆ ಕೆಳಗಣ ಕೋಟೆಯೂ ಎದ್ದಿತು. ಅದನ್ನು ಬಲಪಡಿಸಿದ ಫ್ರೆಂಚ್ ಯಂತ್ರಜ್ಞನೊಬ್ಬನನ್ನು ಹೈದರನು ಗಲ್ಲಿಗೇರಿಸಿದನೆಂದೂ, ಎದುರಿಗಿರುವ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಅವನು ಲಕ್ಷಿಸದೆ ಹೋದುದೇ ಕಾರಣವೆಂದೂ ಊರಿನವರು ಕಥೆ ಹೇಳುವರು. ಇದು ಚರಿತ್ರೆಯೋ ಕಟ್ಟುಕಥೆಯೋ ಎಂಬುದಕ್ಕಿಂತ, ಈ ಊರಿನ ಜನಕ್ಕೆ ಎಂತಹ ಕಥೆ ಇಷ್ಟವೆಂಬುದನ್ನು ಇದರಿಂದ ತಿಳಿಯಬಹುದು. ದೊಡ್ಡವರ ದೊಡ್ಡ ಕೆಲಸದಲ್ಲಿ ಕಣ್ಣೆದುರಿಗಿದ್ದ ಸಣ್ಣ ಸಂಗತಿಯೊಂದು ಮರೆತು ಹೋಗುವುದು. ಅದನ್ನು ಕಂಡುಹಿಡಿದವನು ಗೆಲ್ಲುವನು. ತೆನಾಲಿ ರಾಮಕೃಷ್ಣನ ಅರ್ಧದಷ್ಟು ಕಥೆಗಳ ಮರ್ಮವೂ ಇದೇ ಅಲ್ಲವೆ?

ಊರಿನೊಳಗೆ ಕನಕದುರ್ಗಮ್ಮನ ಗುಡಿ ಪ್ರಸಿದ್ಧವಾದುದು. ಅಲ್ಲಿ ಹಣ್ಣುಕಾಯಿ ಮಾಡಿಸಲು ನಿಂತಿದ್ದ ವೃದ್ಧ ಗೃಹಿಣಿಯೊಬ್ಬರು, ನಾವು ಬಂದ ಕಾರ್ಯವನ್ನು ಕೇಳಿ, ವಿಕಟಕವಿಗೆ ಆ ಬಿರುದು ಬಂದ ಕಥೆಯನ್ನು ತಾವಾಗಿಯೇ ಎತ್ತಿಕೊಂಡರು. ಕಥೆಯನ್ನು ಎಲ್ಲರೂ ಬಲ್ಲರು. ಬಡ ಬ್ರಾಹ್ಮಣರ ಹುಡುಗನಿಗೆ ಸಂನ್ಯಾಸಿಯೊಬ್ಬನು ಮಂತ್ರೋಪದೇಶ ಮಾಡುವನು. ಹುಡುಗನು ರಾತ್ರಿ ಕಾಳಿಕಾದೇವಿಯ ಗುಡಿಯಲ್ಲಿ ಕುಳಿತು ಜಪಿಸುವನು. ದೇವಿಯು ಸಾವಿರ ಮುಖಗಳಿಂದ ಪ್ರತ್ಯಕ್ಷಳಾಗುವಳು. ಭಕ್ತನಾದವನು ನಡುಗಬೇಕಷ್ಟೆ, ಇವನು ಕಿಲಕಿಲನೆ ನಗುವನು. ಏಕೆಂದು ದೇವಿಯು ಕೇಳಿದರೆ, "ತಾಯೆ, ನಮಗಿರುವುದು ಒಂದು ಮೂಗು, ನೆಗಡಿಯಾದಾಗ ಎರಡು ಕೈಗಳಿಂದಲೂ ಒರೆಸಿ ಸಾಕಾಗುವುದು. ನಿನಗೆ ಮೂಗು ಸಾವಿರ, ಕೈ ಎರಡೇ, ನಿನ್ನ ಗತಿಯೇನು?" ಎನ್ನುವನು. ದೇವಿಯು ಮುನಿದು "ವಿಕಟಕವಿಯಾಗು" ಎಂದರೆ, ಶಾಪವನ್ನೇ ವರವೆಂದು ಸ್ವೀಕರಿಸಿ, ಈ ಹೆಸರನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಎಂದು ಹಿಗ್ಗುವನು. ಮಕ್ಕಳು ಈ ಮಾತನ್ನು ನೆಲದ ಮೇಲೆ ಬರೆದು ನೋಡಲಿ: ವಿ, ಕ, ಟ, ಕ, ವಿ. ಹೀಗೆ ಎತ್ತ ಕಡೆಯಿಂದ ಓದಿದರೂ ಒಂದಾಗುವ ರಚನೆಗೆ ಸಂಸ್ಕೃತದ ಆಲಂಕಾರಿಕರು ಗತಪ್ರತ್ಯಾಗತವೆಂದು ಹೆಸರಿಟ್ಟಿರುವರು. 'ವಿಕಟ' ಶಬ್ದಕ್ಕೂ ವಿಕಾರ, ಭಯಂಕರ, ವಿಶಾಲ ಎಂದು ಬಗೆಬಗೆಯ ಅರ್ಥಗಳುಂಟು. ಭಯಂಕರವಾದುದರ ಮುಂದೆ ನಿಂತು ನಗಬಲ್ಲವನಿಗೆ ಇದಕ್ಕಿಂತ ಒಪ್ಪುವ ಬಿರುದು ಬೇರೊಂದಿಲ್ಲ.

ಆ ತಾಯಿಯವರು ಕಥೆ ಮುಗಿಸಿ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. "ನಮ್ಮಮ್ಮ ತೆಲುಗಿನಾಗ ಹೇಳ್ತಿದ್ಲು ಮೇಷ್ಟ್ರೇ. ನಾನು ಮೊಮ್ಮಕ್ಕಳಿಗೆ ಕನ್ನಡದಾಗ ಹೇಳ್ತೀನಿ. ನಾವು ಎಲ್ಲಿ ನಗ್ತಿದ್ವೋ ಅಲ್ಲೇ ಅವೂ ನಗ್ತಾವ."

ಬಳ್ಳಾರಿಯ ಮರ್ಮವೇ ಈ ಮಾತಿನಲ್ಲಿದೆ. 1800ರಲ್ಲಿ ನಿಜಾಮನಿಂದ ಕಂಪನಿಯ ಸರ್ಕಾರಕ್ಕೆ ಸೇರಿ, ಆ ಮೇಲೆ ಮದರಾಸು ಆಧಿಪತ್ಯದಲ್ಲಿದ್ದ ಈ ಜಿಲ್ಲೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಬೆಳೆದುವು. ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿ ಸರಸವಿನೋದಿನೀ ಸಭೆಯನ್ನು ಸ್ಥಾಪಿಸಿ ತೆಲುಗು ನಾಟಕಗಳನ್ನಾಡಿಸಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯ ಮೂಲಕ ಐತಿಹಾಸಿಕ ನಾಟಕಗಳನ್ನು ಬರೆದಾಡಿಸಿದರು. ಇವರ ಹಿಂದೆ ಬಂದ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳ ರಂಗದಲ್ಲಿಯೂ ಹೆಸರಾದರು. ಬಳಿಕ ಭಾಷಾವಾರು ಪ್ರಾಂತಗಳ ಕಾಲದಲ್ಲಿ ಬಳ್ಳಾರಿ ಯಾರದೆಂಬ ವಾದ ಕಾವೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ನಕ್ಷೆಯ ಮೇಲೆ ಗೆರೆ ಬಿದ್ದಿತು. ಅಜ್ಜಿಯರ ಕಥೆಯಲ್ಲಿ ಗೆರೆ ಬೀಳಲಿಲ್ಲ. ಹಂಪೆಯೂ ಬಹುಕಾಲ ಇದೇ ಜಿಲ್ಲೆಯಲ್ಲಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಾಗ ಅತ್ತ ಹೋಯಿತು. ಆದರೆ ರಾಮಕೃಷ್ಣನನ್ನು ಅತ್ತಲಾಗಲಿ ಇತ್ತಲಾಗಲಿ ಹಂಚಿಕೊಡುವ ಅಧಿಕಾರಿಯು ಇನ್ನೂ ಹುಟ್ಟಿಲ್ಲ.

ಕುರುಗೋಡು

ಬಳ್ಳಾರಿಯಿಂದ ವಾಯವ್ಯಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ ಕುರುಗೋಡು. ಗುಂಡುಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಬೆಟ್ಟಸಾಲು, ಅದರ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆಗಳು, ಬುಡದಲ್ಲಿ ಊರು. ವಿಜಯನಗರವು ಹುಟ್ಟುವುದಕ್ಕೆ ಬಹು ಹಿಂದೆ, ಚಾಲುಕ್ಯರ ಕಾಲದಲ್ಲಿ, ಬಳ್ಳಕುಂದೆ ನಾಡನ್ನು ಆಳಿದ ಸಿಂದ ವಂಶದ ಅರಸರಿಗೆ ಇದೇ ರಾಜಧಾನಿಯಾಗಿದ್ದಿತು. ಆ ಕಾಲದ ಕಲ್ಲುಗುಡಿಗಳು ಬೆಟ್ಟದ ಆಸುಪಾಸಿನಲ್ಲಿ ಇಂದಿಗೂ ನಿಂತಿವೆ. ಆದರೆ ಯಾತ್ರಿಕರು ಬರುವುದು ದೊಡ್ಡಬಸವೇಶ್ವರನ ದರ್ಶನಕ್ಕೆ. ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣ. ಆಳೆತ್ತರವನ್ನು ಎಷ್ಟೋ ಮೀರಿದ ಮೂರ್ತಿ. ಗರ್ಭಗುಡಿಯನ್ನೆಲ್ಲ ತುಂಬಿಕೊಂಡು ಕುಳಿತಿರುವುದು. ಅನ್ಯತ್ರ ನಂದಿಯು ಈಶ್ವರನ ಎದುರಿಗೆ ಕುಳಿತಿರುವನು. ಇಲ್ಲಿ ನಂದಿಯೇ ಒಳಗಿನ ಸ್ವಾಮಿ.

ನಮ್ಮೊಡನೆ ಸರದಿಯಲ್ಲಿ ನಿಂತಿದ್ದ ಎಂಟೊಂಬತ್ತು ವರ್ಷದ ಹುಡುಗನೊಬ್ಬನು, ನಾವು ಅವನ ತಂದೆಯೊಡನೆ ಆಡುತ್ತಿದ್ದ ಮಾತನ್ನು ಆಲಿಸಿ, "ತೆನಾಲಿ ರಾಮ ಈ ಬಸವಣ್ಣನ್ನ ನೋಡಿದ್ನಾ ತಾತಾ?" ಎಂದು ಕೇಳಿದನು. "ನೋಡಿದ್ದರೆ ಏನೆನ್ನುತ್ತಿದ್ದನು, ನೀನೇ ಹೇಳಪ್ಪ" ಎಂದೆವು. ಹುಡುಗನು ಮೂರ್ತಿಯನ್ನು ಕೋಡಿನಿಂದ ಗೊರಸಿನವರೆಗೆ ಒಮ್ಮೆ ನೋಡಿ, "ಇಷ್ಟು ದೊಡ್ಡ ಎತ್ತು ಮಾಡಿಸೀರಿ, ಮೇವು ಯಾರ ಹೊಲದಾಗಿಂದ ತರಬೇಕು ಅಂತ ರಾಜನ್ನ ಕೇಳ್ತಿದ್ದ" ಎಂದನು. ಸರದಿಯಲ್ಲಿದ್ದವರೆಲ್ಲರೂ ನಕ್ಕರು. ಯಾವ ಪುಸ್ತಕದಲ್ಲಿಯೂ ಇಲ್ಲದ ರಾಮಕೃಷ್ಣನ ಕಥೆಯೊಂದು ನಮ್ಮ ಕಣ್ಣೆದುರಿಗೇ ಹುಟ್ಟಿತು! ಕಥಾನಾಯಕನ ಜನ್ಮವು ಹೇಗಾಗುವುದೆಂದು ತಿಳಿಯಲು ನಾವು ಮನೆಯಿಂದ ಹೊರಟಿದ್ದೆವು. ಆ ಬಾಲಕನು ಅದನ್ನು ಅರೆನಿಮಿಷದಲ್ಲಿ ಮಾಡಿ ತೋರಿಸಿದನು.

ಪುಸ್ತಕಗಳ ರಾಮಕೃಷ್ಣನ ಮಾತಿಗೆ ಬರೋಣ. ಈ ಬಸವಣ್ಣನ ಸನ್ನಿಧಿಯಲ್ಲಿ ಅದನ್ನು ನೆನೆಯುವುದಕ್ಕೆ ಕಾರಣವಿದೆ. ತೆಲುಗು ಸಾಹಿತ್ಯದಲ್ಲಿ ತೆನಾಲಿಯ ಕವಿಯು ಮೊದಲು ರಾಮಲಿಂಗನೆಂಬ ಶೈವನಾಗಿದ್ದು, ಅನಂತರ ವೈಷ್ಣವ ಸಂಪ್ರದಾಯಕ್ಕೆ ಸೇರಿ ರಾಮಕೃಷ್ಣನಾದನೆಂದು ಪ್ರತೀತಿ. ರಾಮಲಿಂಗನ ಹೆಸರಿನಲ್ಲಿರುವುದು 'ಉದ್ಭಟಾರಾಧ್ಯ ಚರಿತ್ರಮು' ಎಂಬ ಶೈವಾಚಾರ್ಯನೊಬ್ಬನ ಕಥೆ. ರಾಮಕೃಷ್ಣನ ಹೆಸರಿನಲ್ಲಿರುವುವು ನರಸಿಂಹ ಕ್ಷೇತ್ರವೊಂದರ ಮಹಿಮೆಯನ್ನು ಸಾರುವ 'ಘಟಿಕಾಚಲ ಮಾಹಾತ್ಮ್ಯಮು', ಪಂಢರಪುರದ ವಿಠ್ಠಲನ ಮಹಿಮೆಯನ್ನು ಸಾರುವ 'ಪಾಂಡುರಂಗ ಮಾಹಾತ್ಮ್ಯಮು'. ಕಡೆಯದು ಪದಗಳ ಬಿಗಿಯಾದ ಹೆಣಿಗೆಗೆ ಹೆಸರಾಗಿ, ತೆಲುಗಿನ ಮಹಾಕಾವ್ಯಗಳ ಸಾಲಿನಲ್ಲಿ ಕುಳಿತಿದೆ. ಅಂದಮೇಲೆ, ಮಕ್ಕಳ ಪುಸ್ತಕದ ಹಾಸ್ಯಗಾರನ ಹಿಂದೆ ನಿಜವಾಗಿ ನಿಂತಿರುವವನು ಭಕ್ತಿಕಾವ್ಯಗಳನ್ನು ಬರೆದ ಗಂಭೀರ ಪಂಡಿತ!

ಕಾಲದ ವಿಷಯದಲ್ಲಿಯೂ ಒಂದು ತೊಡಕಿದೆ. ಕೃಷ್ಣದೇವರಾಯನು ಆಳಿದ್ದು 1509ರಿಂದ 1529ರವರೆಗೆ. ಅವನ ಆಸ್ಥಾನದಲ್ಲಿ ಅಷ್ಟದಿಗ್ಗಜರೆಂಬ ಎಂಟು ಮಂದಿ ಕವಿಗಳಿದ್ದರೆಂದೂ ರಾಮಕೃಷ್ಣನು ಅವರಲ್ಲೊಬ್ಬನೆಂದೂ ಪರಂಪರೆಯು ಹೇಳುವುದು. ಆದರೆ 'ಪಾಂಡುರಂಗ ಮಾಹಾತ್ಮ್ಯ'ವು ಅಂಕಿತವಾಗಿರುವುದು ರಾಯನಿಗಲ್ಲ, ವಿರೂರಿ ವೇದಾದ್ರಿ ಎಂಬ ಅಧಿಕಾರಿಗೆ. ಇದೇ ಮೊದಲಾದ ಕಾರಣಗಳಿಂದ ಈ ಕಾವ್ಯವು ರಾಯನ ಕಾಲಕ್ಕಿಂತ ಈಚಿನದೆಂದು ಹಲವು ವಿದ್ವಾಂಸರು ಎಣಿಸುವರು. ಅಷ್ಟದಿಗ್ಗಜರ ಪಟ್ಟಿಯಲ್ಲಿರುವ ಪಿಂಗಳಿ ಸೂರನ, ರಾಮರಾಜಭೂಷಣ ಮೊದಲಾದವರೂ ಈಚಿನವರೇ. 1520ರ ಸುಮಾರಿಗೆ ರಾಜಧಾನಿಯನ್ನು ಕಣ್ಣಾರೆ ಕಂಡು ಬರೆದ ಪೋರ್ಚುಗೀಸ್ ಯಾತ್ರಿಕ ಪಾಯಸ್, ಅವನ ಅನಂತರ ಬರೆದ ನುನಿಜ್, ಇಬ್ಬರ ಬರೆವಣಿಗೆಯಲ್ಲಿಯೂ ನಮ್ಮ ರಾಮಕೃಷ್ಣನ ಹೆಸರಿಲ್ಲ. ಆದುದರಿಂದ ಚರಿತ್ರೆಯ ಕವಿಯೂ ಚರಿತ್ರೆಯ ರಾಯನೂ ಎದುರುಬದುರಾಗಿ ಕುಳಿತು ಮಾತನಾಡಿದರೆಂದು ಪ್ರಮಾಣ ಮಾಡಿ ಹೇಳುವ ಹಾಗಿಲ್ಲ. ಅವರಿಬ್ಬರನ್ನೂ ಒಂದೇ ಚಾವಡಿಗೆ ಕರೆತಂದು ಕೂಡಿಸಿದವರು ಕಥೆ ಹೇಳುವ ಜನ. ದೊರೆಗಳಲ್ಲಿ ದೊಡ್ಡವನಾರೆಂದರೆ ಕೃಷ್ಣರಾಯ. ನಾಲಗೆಯಲ್ಲಿ ಚುರುಕಾದವನಾರೆಂದರೆ ತೆನಾಲಿಯವನು. ಇವರಿಬ್ಬರೂ ಕೂಡದಿದ್ದರೆ ಕಥೆಯು ಕಳೆಗಟ್ಟುವುದು ಹೇಗೆ?

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಇನ್ನೊಬ್ಬ ಹಿರಿಯನ ಮುಖವೂ ಕಾಣುವುದು. ಅವನೇ ನಾಟಕಗಳ ವಿದೂಷಕ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಿದೂಷಕನನ್ನು ಕುಳ್ಳನೆಂದೂ ಹಲ್ಲುಬ್ಬನೆಂದೂ ಬೊಕ್ಕತಲೆಯವನೆಂದೂ ವರ್ಣಿಸಿರುವನು. ಜಾತಿಯಿಂದ ಬ್ರಾಹ್ಮಣನಾದರೂ ಅವನು ಆಡುವುದು ಸಂಸ್ಕೃತವನ್ನಲ್ಲ, ಪ್ರಾಕೃತವನ್ನು. ಅಂದರೆ ಜನರ ಮಾತನ್ನು. ಶಾಕುಂತಲದ ಮಾಧವ್ಯ, ಮಾಲವಿಕಾಗ್ನಿಮಿತ್ರದ ಗೌತಮ, ಮೃಚ್ಛಕಟಿಕದ ಮೈತ್ರೇಯ, ಇವರೆಲ್ಲರೂ ಊಟಪ್ರಿಯರು, ಅರಸನ ಅಥವಾ ನಾಯಕನ ನೆಚ್ಚಿನ ಗೆಳೆಯರು. ನಮ್ಮ ರಾಮಕೃಷ್ಣನಿಗೆ ರೂಪವನ್ನೂ ಸಲಿಗೆಯನ್ನೂ ಕೊಟ್ಟವರು ಇವರೇ ಇರಬೇಕೆಂದು ತೋರುತ್ತದೆ. ಆದರೆ ಒಂದು ಭೇದವುಂಟು. ವಿದೂಷಕನು ನಗಿಸುವನು, ನಗೆಗೂ ಈಡಾಗುವನು, ಅರಸನನ್ನು ಸೋಲಿಸುವವನಲ್ಲ. ರಾಮಕೃಷ್ಣನಾದರೋ ಅರಸನನ್ನು ಮಾತಿನಲ್ಲಿ ಸೋಲಿಸಿ, ಬಹುಮಾನವನ್ನೂ ಪಡೆದು ಹೋಗುವನು. ಈ ಗೆಲ್ಲುವ ಗುಣವು ಅವನಿಗೆ ನಾಟಕಶಾಲೆಯಿಂದ ಬಂದುದಲ್ಲ. ಅದು ಎಲ್ಲಿಂದ ಬಂದಿತೆಂಬುದು ಸಿರುಗುಪ್ಪದಲ್ಲಿ ನಮಗೆ ತಿಳಿಯಿತು.

ಸಿರುಗುಪ್ಪ

ಕುರುಗೋಡಿನಿಂದ ಹಿಂದಿರುಗಿ ಬಳ್ಳಾರಿಯಲ್ಲಿ ರಾತ್ರಿ ಕಳೆದು, ಮರುದಿನ ಬೆಳಿಗ್ಗೆ ಉತ್ತರದ ಕಡೆಗೆ ಹೊರಟೆವು. ಮೊದಲು ಎರೆಯ ಹೊಲಗಳು. ಹತ್ತಿ, ಜೋಳ, ಮೆಣಸಿನಕಾಯಿ. ಮುಂದೆ ಮುಂದೆ ಹೋದಂತೆ ಮಣ್ಣಿನ ಕಪ್ಪು ಮರೆಯಾಗಿ ಗದ್ದೆಯ ಹಸುರು ಬರುವುದು. ಸಿರುಗುಪ್ಪವು ತುಂಗಭದ್ರೆಯ ದಡದ ಊರು. ವೇದಾವತಿ ಅಥವಾ ಹಗರಿ ನದಿಯು ತುಂಗಭದ್ರೆಗೆ ಸೇರುವುದೂ ಈ ತಾಲ್ಲೂಕಿನಲ್ಲಿಯೇ. ಊರಿನ ಹೆಸರನ್ನು 'ಸಿರಿಯ ಗುಪ್ಪೆ' ಎಂದು ಇಲ್ಲಿಯವರು ಬಿಡಿಸಿ ಹೇಳುವರು. ಭತ್ತದ ರಾಶಿಗಳನ್ನೂ ಅಕ್ಕಿಯ ಗಿರಣಿಗಳನ್ನೂ ಕಂಡವರಿಗೆ ಈ ವ್ಯುತ್ಪತ್ತಿಯನ್ನು ಒಪ್ಪುವುದರಲ್ಲಿ ಕಷ್ಟವೇನೂ ಇಲ್ಲ.

ಈ ಸಿರಿಗೆ ಮೂಲವು ನೀರು. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಡ್ಡಕಟ್ಟೆಗಳನ್ನು ಹಾಕಿಸಿ ಕಾಲುವೆಗಳನ್ನು ತೆಗೆಯಿಸಿದರು. ರಾಯಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಎಂದು ಅವುಗಳ ಹೆಸರುಗಳನ್ನು ರೈತರು ಇಂದಿಗೂ ನೆಂಟರ ಹೆಸರುಗಳಂತೆ ಹೇಳುವರು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯ ದೊಡ್ಡ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಹೊಸ ಕಾಲುವೆಗಳೂ ಬಂದುವು. ಆದರೆ ಕಾಲುವೆಯ ನೀರು ಏರದ ಹೊಲಗಳಲ್ಲಿ ಹಿಂದಿನ ಕಾಲದ ಬದುಕೆಂದರೆ ಬಾವಿ, ಕಪಿಲೆ, ಯಾತ. ರೈತನ ಬೆನ್ನು, ಎತ್ತಿನ ಹೆಗಲು.

ಕಾಲುವೆಯ ಏರಿಯ ಮೇಲೆ ನಮಗೆ ದೊರೆತ ವೃದ್ಧ ರೈತರೊಬ್ಬರು ಕೊಬ್ಬರಿ ಬೆಲ್ಲ ಕೊಟ್ಟು ಉಪಚರಿಸಿದರು. ರಾಮಕೃಷ್ಣನ ಯಾವ ಕಥೆ ನಿಮಗೆ ಇಷ್ಟವೆಂದು ಕೇಳಿದೆವು. ಅವರು ಯೋಚನೆ ಮಾಡದೆ ಕಳ್ಳರ ಕಥೆಯನ್ನು ಹೇಳಿದರು. ಮನೆಯ ಹಿತ್ತಿಲಲ್ಲಿ ಕಳ್ಳರು ಹೊಂಚು ಹಾಕಿರುವುದನ್ನು ರಾಮಕೃಷ್ಣನು ಕಂಡು, ಅವರಿಗೆ ಕೇಳುವಂತೆ ಹೆಂಡತಿಯೊಡನೆ, "ಊರಿನಲ್ಲಿ ಕಳ್ಳರ ಭಯ, ಒಡವೆಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬಾವಿಗೆ ಹಾಕಿಬಿಡೋಣ" ಎನ್ನುವನು, ಕಲ್ಲು ತುಂಬಿದ ಪೆಟ್ಟಿಗೆಯನ್ನು ದುಡುಮ್ಮನೆ ಬಾವಿಗೆ ನೂಕುವನು. ಕಳ್ಳರು ರಾತ್ರಿಯೆಲ್ಲ ನೀರು ಸೇದಿ ಸೇದಿ ಹೊರಕ್ಕೆ ಸುರಿಯುವರು. ಇವನು ಕತ್ತಲಲ್ಲಿ ಸದ್ದಿಲ್ಲದೆ ಪಾತಿಯಿಂದ ಪಾತಿಗೆ ನೀರನ್ನು ತಿರುಗಿಸುವನು. ಬೆಳಗಾಗುವ ಹೊತ್ತಿಗೆ "ತೋಟವೆಲ್ಲ ನೆನೆಯಿತಪ್ಪ, ಇನ್ನು ಸಾಕು ಮಾಡಿ" ಎನ್ನುವನು.

ಕಥೆ ಹೇಳಿ ಆ ಯಜಮಾನರು, "ನೀರು ಸೇದಿ ಸೇದಿ ಕೈ ಬೊಬ್ಬೆ ಎದ್ದವನೇ ಈ ಕತಿ ಕಟ್ಟಿರಬೇಕ್ರಿ ಸ್ವಾಮೀ. ಅರಮನಿ ಮಂದಿಗೆ ಇದರ ರುಚಿ ಏನು ಗೊತ್ತು?" ಎಂದರು. ಎಷ್ಟು ಸತ್ಯವಾದ ಮಾತು! ಮಳೆ ಕಡಮೆಯಾದ ಈ ಸೀಮೆಯಲ್ಲಿ ಒಂದು ರಾತ್ರಿಯ ನೀರೆಂದರೆ ಚಿನ್ನದ ಪೆಟ್ಟಿಗೆಗಿಂತ ಹೆಚ್ಚು. ಬಾವಿಯಲ್ಲಿ ಒಡವೆಯಿಲ್ಲವೆಂದು ಕಳ್ಳರು ಕೊರಗಿದರು; ಬಾವಿಯಲ್ಲಿದ್ದ ನಿಜವಾದ ಒಡವೆಯನ್ನು ರಾಮಕೃಷ್ಣನೊಬ್ಬನೇ ಕಂಡನು. ಇದು ಮಣ್ಣಿನಲ್ಲಿ ಹುಟ್ಟಿದ ಕಥೆ, ಆಸ್ಥಾನದಲ್ಲಿ ಹುಟ್ಟಿದುದಲ್ಲ.

ಈ ಬೆಳಕಿನಲ್ಲಿ ನೋಡಿದರೆ ಉಳಿದ ಕಥೆಗಳೂ ಹೊಸದಾಗಿ ಕಾಣುವುವು. ಇಲಿಗಳ ಕಾಟ ಹೆಚ್ಚಲು ದೊರೆಯು ಮನೆಮನೆಗೊಂದು ಬೆಕ್ಕನ್ನೂ, ಅದಕ್ಕೆ ಹಾಲೆರೆಯಲು ಒಂದು ಹಸುವನ್ನೂ ಕೊಡಿಸಿದನಂತೆ. ಎಲ್ಲರ ಬೆಕ್ಕುಗಳೂ ಕೊಬ್ಬಿದುವು. ರಾಮಕೃಷ್ಣನ ಬೆಕ್ಕು ಮಾತ್ರ ಬಡಕಲು. ಮೊದಲ ದಿನ ಕುದಿಯುವ ಹಾಲಿಟ್ಟು ಅದರ ನಾಲಗೆ ಸುಟ್ಟಿದ್ದರಿಂದ, ಹಾಲಿನ ಬಟ್ಟಲನ್ನು ಕಂಡರೆ ಅದು ಓಡುತ್ತಿದ್ದಿತು, ಹಾಲೆಲ್ಲ ಮಕ್ಕಳಿಗಾಯಿತು. ಹಸುವಿನ ಹಾಲು ಬೆಕ್ಕಿಗೆ, ಮಕ್ಕಳಿಗೆ ಬರಿಯ ನೋಟವೆಂಬ ರಾಜಾಜ್ಞೆಯನ್ನು ಕಂಡ ಯಾವ ಗೃಹಸ್ಥನು ತಾನೆ ಹೊಟ್ಟೆಯುರಿದುಕೊಂಡಿರಲಿಕ್ಕಿಲ್ಲ? ಕುದುರೆಯ ಕಥೆಯೂ ಹಾಗೆಯೇ. ಕುದುರೆಯನ್ನು ಸಾಕಲು ಕೊಟ್ಟರೆ ರಾಮಕೃಷ್ಣನು ಅದನ್ನು ಕಿಂಡಿಯೊಂದೇ ಇರುವ ಕೊಟ್ಟಿಗೆಯಲ್ಲಿ ಕೂಡಿ, ದಿನಕ್ಕೊಂದು ಹಿಡಿ ಹುಲ್ಲನ್ನು ಕಿಂಡಿಯಿಂದ ಕೊಡುವನು. ಪರೀಕ್ಷೆಗೆ ಬಂದ ಅಧಿಕಾರಿ ಕಿಂಡಿಯಲ್ಲಿ ಇಣುಕಿದಾಗ ಅವನ ಗಡ್ಡವನ್ನೇ ಹುಲ್ಲೆಂದು ಕುದುರೆ ಕಚ್ಚಿ ಹಿಡಿಯುವುದು. ರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನುನಿಜ್ ಬರೆದಿರುವನು. ಅಷ್ಟು ಕುದುರೆಗಳಿಗೆ ಹುಲ್ಲು ಹುರುಳಿ ಒದಗಿಸಬೇಕಾದವರು ಯಾರು? ಆ ಭಾರವನ್ನು ಹೊತ್ತವರು ಬಹಿರಂಗವಾಗಿ ಹೇಳಲಾರದ ಮಾತನ್ನು, ನಗೆಯ ಬಟ್ಟೆ ಉಡಿಸಿ, ರಾಮಕೃಷ್ಣನ ಬಾಯಲ್ಲಿ ಹೇಳಿಸಿದರೆಂದು ನಮಗೆ ತೋರುತ್ತದೆ. ಅರಸನನ್ನು ಗೆಲ್ಲುವ ಆ ಗುಣವನ್ನು ಅವನಿಗೆ ಕೊಟ್ಟವರು ಈ ಹೊಲಗಳ ಜನ.

ಇದಕ್ಕೆ ಬೇಕಾದ ನಾಲಗೆಯೂ ಈ ನಾಡಿನಲ್ಲಿ ಮೊದಲೇ ಇದ್ದಿತು. ಬಯಲಾಟದಲ್ಲಿ ದೊರೆಯ ಮಾತನ್ನು ಕೇಳಿ ಕೇಳಿ ತಲೆಕೆಳಗು ಮಾಡುವ ಸಾರಥಿ, ತೊಗಲುಬೊಂಬೆಯಾಟದಲ್ಲಿ ದೇವತೆಗಳ ನಡುವೆಯೇ ನುಗ್ಗಿ ನಗಿಸುವ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತ, ಇವರೂ ರಾಮಕೃಷ್ಣನ ದಾಯಾದಿಗಳೇ. ರಾಜಧಾನಿಯ ಕವಿಯ ಹೆಸರು, ಸಂಸ್ಕೃತ ವಿದೂಷಕನ ವೇಷ, ಹಳ್ಳಿಯ ಸಾರಥಿಯ ನಾಲಗೆ: ಈ ಮೂರು ಹೊಳೆಗಳು ಕೂಡಿದ ಸಂಗಮದಲ್ಲಿ ಅವನು ಹುಟ್ಟಿದನು.

ಹಂಪೆ ಬಿದ್ದ ಮೇಲೆ

1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ರಾಮರಾಯನು ಮಡಿದು ರಾಜಧಾನಿಯು ಹಾಳಾಯಿತು. ಆನೆಯ ಲಾಯವು ಬರಿದಾಯಿತು, ಮಹಾನವಮಿಯ ದಿಬ್ಬವು ಬಯಲಾಯಿತು. ಪಟ್ಟಣವನ್ನು ಬಿಟ್ಟು ಹೋದ ಜನರು ಚಿನ್ನವನ್ನು ಹೊತ್ತುಕೊಂಡು ಹೋಗಿರಬಹುದು, ಹೋಗದಿರಬಹುದು; ಕಥೆಗಳನ್ನಂತೂ ಹೊತ್ತುಕೊಂಡು ಹೋದರು. ಭಾರವಿಲ್ಲದ ಗಂಟು ಅದೊಂದೇ. ತಮಿಳು ನಾಡಿನಲ್ಲಿ ಅವನು ತೆನ್ನಾಲಿರಾಮನಾದನು, ತೆಲುಗಿನಲ್ಲಿ ರಾಮಲಿಂಗಡು ಆದನು, ನಮ್ಮಲ್ಲಿ ರಾಮಕೃಷ್ಣನಾದನು. ಉತ್ತರದಲ್ಲಿ ಅಕ್ಬರನ ಬೀರಬಲ್ಲನಿಗೂ, ಬಂಗಾಳದಲ್ಲಿ ಗೋಪಾಲ ಭಾಂಡನಿಗೂ, ತುರ್ಕಿಯ ಕಡೆ ನಸ್ರುದ್ದೀನನಿಗೂ ಇಂತಹವೇ ಕಥೆಗಳಿರುವುದನ್ನು ನೋಡಿದರೆ, ದೊರೆಗಳಿರುವೆಡೆಯಲ್ಲೆಲ್ಲ ಜನರು ಇಂತಹವನೊಬ್ಬನನ್ನು ದೊರೆಯ ಪಕ್ಕದಲ್ಲಿ ನಿಲ್ಲಿಸದೆ ಬಿಡರೆಂದು ತಿಳಿಯುವುದು.

ಬಾಯಿಂದ ಬಾಯಿಗೆ ಬಂದ ಕಥೆಗಳು ಮುಂದೆ ಅಚ್ಚಿಗೆ ಬಂದುವು. ಪಂಡಿತ ನಟೇಶ ಶಾಸ್ತ್ರಿಗಳು 1900ರಲ್ಲಿ ಇವನ ಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಅಗ್ಗದ ಬೆಲೆಯ ಕಥೆಯ ಪುಸ್ತಕಗಳೂ, 'ಚಂದಮಾಮ'ದಂತಹ ಮಕ್ಕಳ ಮಾಸಪತ್ರಿಕೆಗಳೂ ಅವನನ್ನು ಮನೆಮನೆಗೆ ತಂದುವು. ಚಲನಚಿತ್ರವೂ ಬಿಡಲಿಲ್ಲ. 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ನರಸಿಂಹರಾಜು ಅವನ ವೇಷ ಧರಿಸಿದರು. 1982ರ 'ಹಾಸ್ಯರತ್ನ ರಾಮಕೃಷ್ಣ'ದಲ್ಲಿ ಅನಂತನಾಗ್ ಧರಿಸಿದರು. 1990ರಲ್ಲಿ ದೂರದರ್ಶನದ ಹಿಂದಿ ಧಾರಾವಾಹಿಯಾಗಿ ಅವನನ್ನು ದೇಶಕ್ಕೆಲ್ಲ ತೋರಿಸಿದವರು ನಮ್ಮ ಟಿ. ಎಸ್. ನಾಗಾಭರಣ.

ಗೃಹಸ್ಥರಿಗೆ ಎರಡು ಮಾತು

ಇಷ್ಟಾದರೂ ನಮ್ಮ ಮನಸ್ಸಿನಲ್ಲಿ ಒಂದು ಚಿಂತೆಯುಂಟು. ಪುಸ್ತಕದಲ್ಲಿ ಅಚ್ಚಾದ ಕಥೆಯು ಕದಲದು. ಚಿತ್ರದ ಪರದೆಯ ಮೇಲಿನ ಕಥೆಯು ನಮ್ಮನ್ನು ಮಾತನಾಡಗೊಡದು. ಹೇಳುವ ಕಥೆಯೊಂದೇ ಬೆಳೆಯುವುದು. ಕುರುಗೋಡಿನ ಹುಡುಗನು ಬಸವಣ್ಣನಿಗೆ ಮೇವೆಲ್ಲಿಯದೆಂದು ಕೇಳಿದನಲ್ಲ, ಅವನ ಮನೆಯಲ್ಲಿ ಯಾರೋ ಕುಳಿತು ಅವನಿಗೆ ಕಥೆ ಹೇಳಿರಲೇಬೇಕು. ಕೇಳಿದ ಮಕ್ಕಳಿಗಷ್ಟೇ ಕಟ್ಟಲು ಬರುವುದು. ನಾಲ್ಕುನೂರು ವರ್ಷಗಳಿಂದ ಈ ನಾಡಿನ ಅಜ್ಜಿಯರೂ ತಾತಂದಿರೂ ಎಣ್ಣೆಯ ದೀಪದ ಬೆಳಕಿನಲ್ಲಿ ಕಾಪಾಡಿಕೊಂಡು ಬಂದ ಈ ನಗೆಯನ್ನು, ವಿದ್ಯುದ್ದೀಪದ ಬೆಳಕಿನಲ್ಲಿ ನಾವು ಕಳೆದುಕೊಂಡರೆ, ಅದನ್ನು ಮತ್ತೆ ಕೆತ್ತಿ ನಿಲ್ಲಿಸಲು ಪುರಾತತ್ತ್ವ ಇಲಾಖೆಯಿಂದಾಗದು. ಹಂಪೆಯ ಕಲ್ಲಿನ ರಥಕ್ಕೆ ಕಾವಲುಗಾರರುಂಟು. ರಾಮಕೃಷ್ಣನಿಗೆ ಮನೆಯ ಹಿರಿಯರನ್ನು ಬಿಟ್ಟರೆ ಬೇರೆ ಕಾವಲಿಲ್ಲ.

ಹೇಳುವಾಗ ಒಂದು ಎಚ್ಚರಿಕೆಯೂ ಬೇಕು. ಇವನ ಕಥೆಗಳನ್ನು ಬರಿಯ ಠಕ್ಕಿನ ಕಥೆಗಳೆಂದು ಹೇಳಿದರೆ ಮಕ್ಕಳು ಠಕ್ಕನ್ನೇ ಕಲಿತಾರು. ಅಶಕ್ತರನ್ನು ಅಣಕಿಸುವ, ಪರರ ಜಾತಿಮತಗಳನ್ನು ಹಳಿಯುವ ಕಥೆಗಳೂ ಕಾಲಕಾಲಕ್ಕೆ ಇವನ ಹೆಸರಿಗೆ ಅಂಟಿಕೊಂಡಿವೆ. ಅವನ್ನು ಅಕ್ಕಿಯಿಂದ ಕಲ್ಲನ್ನು ಆರಿಸುವಂತೆ ಆರಿಸಿ ಎಸೆಯಬೇಕು. ಉಳಿದುವುಗಳಲ್ಲಿ ರಾಮಕೃಷ್ಣನು ನಗುವುದು ಯಾರನ್ನು ಕಂಡು ಎಂಬುದನ್ನು ಮಕ್ಕಳಿಗೆ ತೋರಿಸಿಕೊಡಬೇಕು. ಅವನು ನಗುವುದು ಅಧಿಕಾರದ ಮದವನ್ನು ಕಂಡು, ವಿದ್ಯೆಯ ಡಂಭವನ್ನು ಕಂಡು, ಲೋಭವನ್ನು ಕಂಡು. ದೊರೆಯನ್ನು ನಗುವನು, ದೊರೆಯನ್ನು ದ್ವೇಷಿಸನು. ಇದು ದೊಡ್ಡ ವಿದ್ಯೆ. ದೊರೆಗಳು ಹೋದರು, ಪ್ರಜೆಗಳೇ ಪ್ರಭುಗಳಾದ ಈ ದಿನಗಳಲ್ಲಿ ಆ ವಿದ್ಯೆಯ ಪ್ರಯೋಜನವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ಅವನು ತೆಲುಗರವನೋ ಕನ್ನಡಿಗರವನೋ ಎಂದು ಕೇಳುವವರಿಗೆ ಬಳ್ಳಾರಿಯ ಆ ತಾಯಿಯ ಮಾತೇ ಉತ್ತರ. ಎಲ್ಲಿ ಮಕ್ಕಳು ಅದೇ ಜಾಗದಲ್ಲಿ ನಗುವರೋ ಅದೇ ಅವನ ಊರು. ವಾಚಕರು ತಮ್ಮ ಮನೆಯನ್ನೂ ಆ ಊರಿಗೆ ಸೇರಿಸಿಕೊಳ್ಳಲಿ. ಈ ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬಾವಿಯ ಕಳ್ಳರ ಕಥೆಯನ್ನು ಒಮ್ಮೆ ಹೇಳಲಿ. ಹೇಳಿ ಮುಗಿಸಿ, ರಾಮಕೃಷ್ಣನು ನಮ್ಮ ಬೀದಿಗೆ ಬಂದರೆ ಏನೆನ್ನುವನೆಂದು ಅವರನ್ನು ಕೇಳಲಿ. ಬರುವ ಉತ್ತರವನ್ನು ಕೇಳಿ ಹಿರಿಯರು ಸ್ವಲ್ಪ ತಲೆತಗ್ಗಿಸಬೇಕಾದೀತು. ಆದರೂ ನಗದೆ ಇರಲಾರರು.